ಎರವಲು ಕೊಟ್ಟ ಕ್ರೆಡಿಟ್ ಕಾರ್ಡ್, ಮರಳದ ಹಣ: ಕಾರ್ಡುದಾರನಿಗಿರುವ ದಾರಿಗಳು

ನಗರಗಳಲ್ಲಿ ಕೈಗಡದ ಸ್ವರೂಪವೇ ಬದಲಾಗಿದೆ. ಸ್ನೇಹಿತನಿಗೆ ತುರ್ತು ಬಂದಾಗ ಜೇಬಿನಿಂದ ನೋಟು ತೆಗೆದುಕೊಡುತ್ತಿದ್ದವರು ಈಗ ಕ್ರೆಡಿಟ್ ಕಾರ್ಡನ್ನೇ ಕೊಟ್ಟುಬಿಡುತ್ತಾರೆ. ಇಲ್ಲವೇ ಕಾರ್ಡಿನ ಸಂಖ್ಯೆ ತಿಳಿಸಿ, ತಮ್ಮ ಮೊಬೈಲಿಗೆ ಬಂದ ಓಟಿಪಿಯನ್ನು ಫೋನಿನಲ್ಲಿಯೇ ಹೇಳುತ್ತಾರೆ. ಕೈಯಿಂದ ನಗದು ಹೋಗದ ಕಾರಣ ಅದು ಸಾಲ ಕೊಟ್ಟಂತೆ ತೋರುವುದೂ ಇಲ್ಲ. ತಿಂಗಳು ಕಳೆದು ಬಿಲ್ ಬಂದಾಗಲೇ ಅದರ ಭಾರ ಅರಿವಿಗೆ ಬರುವುದು.

ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳಬಹುದು. 20,000 ರೂ.ಗಳ ಮೊಬೈಲ್ ಕೊಳ್ಳಲೆಂದು ಪಡೆದ ಕಾರ್ಡಿನಲ್ಲಿ ಸ್ನೇಹಿತ 80,000 ರೂ. ಖರ್ಚು ಮಾಡಿದ್ದಾನೆ. ಮೊದಲ ತಿಂಗಳು ‘ಸಂಬಳ ಬಂದ ಕೂಡಲೇ ಕಟ್ಟುತ್ತೇನೆ’ ಎನ್ನುತ್ತಾನೆ. ಎರಡನೆಯ ತಿಂಗಳು ಫೋನ್ ಎತ್ತುವುದಿಲ್ಲ. ಬ್ಯಾಂಕಿನ ಕರೆಗಳು ಮಾತ್ರ ಕಾರ್ಡುದಾರನಿಗೆ ತಪ್ಪದೆ ಬರುತ್ತವೆ. ಇಂತಹ ಸಂದರ್ಭದಲ್ಲಿ ಬಹುತೇಕರಿಗೆ ಮೊದಲು ಹೊಳೆಯುವುದು ಪೊಲೀಸ್ ಠಾಣೆ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಹಣ ಮರಳಿ ಬರುವ ಹಾದಿ ಠಾಣೆಯ ಮೂಲಕ ಹೋಗುವುದಿಲ್ಲ. ಅದು ಒಂದು ಸಹಿ ಮಾಡಿದ ಕಾಗದದಿಂದ ಆರಂಭವಾಗಿ ಸಿವಿಲ್ ನ್ಯಾಯಾಲಯದವರೆಗೆ ಸಾಗುವ ಹಾದಿ, ಮತ್ತು ಅದಕ್ಕೆ ಮೂರು ವರ್ಷಗಳ ಗಡುವಿದೆ.

ಒಂದು ಖರ್ಚು, ಎರಡು ಸಾಲ

ಇಲ್ಲಿ ಇರುವುದು ಒಂದು ಸಾಲವಲ್ಲ, ಎರಡು. ಕಾರ್ಡುದಾರ ಬ್ಯಾಂಕಿಗೆ ಕೊಡಬೇಕಾದದ್ದು ಒಂದು. ಸ್ನೇಹಿತ ಕಾರ್ಡುದಾರನಿಗೆ ಕೊಡಬೇಕಾದದ್ದು ಇನ್ನೊಂದು. ಎರಡನೆಯದು ಬಾರದಿದ್ದ ಮಾತ್ರಕ್ಕೆ ಮೊದಲನೆಯದು ನಿಲ್ಲುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಸ್ನೇಹಿತನೆಂಬ ವ್ಯಕ್ತಿಯೇ ಇಲ್ಲ.

‘ನಾನು ಖರ್ಚು ಮಾಡಿಲ್ಲ’ ಎಂಬ ವಾದವೂ ಬ್ಯಾಂಕಿನ ಮುಂದೆ ನಿಲ್ಲದು. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ತತ್ವ ಸ್ಪಷ್ಟವಾಗಿದೆ: ಪಿನ್, ಓಟಿಪಿ ಮೊದಲಾದ ಗೋಪ್ಯ ವಿವರಗಳನ್ನು ಗ್ರಾಹಕನೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ದೂರು ನೀಡುವವರೆಗಿನ ನಷ್ಟವೆಲ್ಲ ಅವನದೇ. ದೂರು ನೀಡಿದ ನಂತರ ಆಗುವ ನಷ್ಟ ಮಾತ್ರ ಬ್ಯಾಂಕಿನದು. ಆದ್ದರಿಂದ ಮೋಸದ ಸುಳಿವು ಸಿಕ್ಕಿದ ಕ್ಷಣದಲ್ಲಿಯೇ ಕಾರ್ಡನ್ನು ನಿಷ್ಕ್ರಿಯಗೊಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ಕಾರ್ಡ್ ಕೈಗೆ ಮರಳಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಸ್ನೇಹಿತ ತನ್ನ ಖರೀದಿ ಖಾತೆಯಲ್ಲಿ ಆ ಕಾರ್ಡನ್ನು ಉಳಿಸಿಕೊಂಡಿದ್ದರೆ, ಕಾರ್ಡಿನ ಸಂಖ್ಯೆಯ ಬದಲಿಗೆ ಬಳಕೆಯಾಗುವ ಟೋಕನ್ ಅಲ್ಲಿಯೇ ಇರುತ್ತದೆ. ಚಲನಚಿತ್ರ, ಸಂಗೀತ ಸೇವೆಗಳಿಗೆ ತಿಂಗಳು ತಿಂಗಳು ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆಗಳೂ ಹಾಗೆಯೇ ಮುಂದುವರಿಯುತ್ತವೆ. ಇವೆರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ನೋಡಿ ಅಳಿಸಬಹುದು. ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಹಣ ಪಾವತಿಸುವ ಸೌಲಭ್ಯದಲ್ಲಿ 2021ರ ಜನವರಿ 1ರಿಂದ 5,000 ರೂ.ವರೆಗೆ ಪಿನ್ ಬೇಕಿಲ್ಲ. ‘ಪಿನ್ ಹೇಳಿಯೇ ಇರಲಿಲ್ಲ’ ಎನ್ನುವವರ ಬಿಲ್ಲಿನಲ್ಲಿ ನಾಲ್ಕೈದು ಸಾವಿರದ ಸಾಲುಗಳು ಕಾಣಿಸುವುದು ಹೀಗೆ.

ಮೊದಲು ಬ್ಯಾಂಕಿನ ಬಾಕಿ

ಸ್ನೇಹಿತ ಕೊಡುವವರೆಗೆ ಬ್ಯಾಂಕಿಗೆ ಕಟ್ಟುವುದಿಲ್ಲ ಎಂಬ ಹಠ ಅತ್ಯಂತ ದುಬಾರಿಯಾದದ್ದು. ಕಾರ್ಡ್ ಬಾಕಿಯ ಮೇಲೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಸಾಮಾನ್ಯ. 80,000 ರೂ.ಗೆ ಅದು 2,800 ರೂ.; ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿದರೆ 3,304 ರೂ. ಒಂದೇ ತಿಂಗಳಿಗೆ ಇಷ್ಟು. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗಳಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಸ್ನೇಹಿತ ಎಟಿಎಂನಿಂದ ನಗದು ತೆಗೆದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ. 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದ್ದರಿಂದ, ಆ ಆಸರೆಯೂ ಈಗಿಲ್ಲ.

ಕನಿಷ್ಠ ಮೊತ್ತ ಕಟ್ಟುತ್ತ ಹೋದರೆ ವಿಳಂಬ ಶುಲ್ಕ ತಪ್ಪೀತು, ಬಡ್ಡಿ ತಪ್ಪದು. ಏನೂ ಕಟ್ಟದಿದ್ದರೆ ಸಾಲ ಮಾಹಿತಿ ಸಂಸ್ಥೆಗಳಿಗೆ ವರದಿ ಹೋಗುತ್ತದೆ. ಸಿಬಿಲ್‌ನಂತಹ ಸಂಸ್ಥೆಗಳು 300ರಿಂದ 900ರವರೆಗೆ ನೀಡುವ ಅಂಕ ಕುಸಿದರೆ ಮುಂದೆ ಮನೆ ಸಾಲ ಕೇಳುವಾಗ ಆ ಹಳೆಯ ಮೊಬೈಲ್ ಫೋನಿನ ಕಥೆ ಮತ್ತೆ ಎದುರಾಗುತ್ತದೆ. ಪೂರ್ತಿ ಕಟ್ಟಲು ಶಕ್ತಿಯಿಲ್ಲದವರು ಬಾಕಿಯನ್ನು ಕಂತುಗಳಿಗೆ ಬದಲಾಯಿಸುವಂತೆ ಬ್ಯಾಂಕನ್ನು ಕೋರಬಹುದು. ಅಥವಾ ಕಡಿಮೆ ಬಡ್ಡಿಯ ವೈಯಕ್ತಿಕ ಸಾಲವನ್ನೋ ಚಿನ್ನದ ಸಾಲವನ್ನೋ ಪಡೆದು ಕಾರ್ಡ್ ಬಾಕಿಯನ್ನು ಚುಕ್ತಾ ಮಾಡಬಹುದು.

ಇದರಲ್ಲಿ ಕಾನೂನಿನ ಲಾಭವೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 73ರ ಪ್ರಕಾರ, ಮಾತು ತಪ್ಪಿದ್ದರಿಂದ ಸಹಜವಾಗಿ ಉಂಟಾದ ನಷ್ಟವನ್ನು ಕೇಳಬಹುದು. ಬಳಸಿದ್ದು ಕ್ರೆಡಿಟ್ ಕಾರ್ಡ್ ಎಂದು ಸ್ನೇಹಿತನಿಗೆ ತಿಳಿದಿತ್ತು. ಸಮಯಕ್ಕೆ ಕಟ್ಟದಿದ್ದರೆ ಬಡ್ಡಿ ಬೀಳುವುದೂ ತಿಳಿದಿತ್ತು. ಹಾಗಾಗಿ ಆ ಬಡ್ಡಿಯನ್ನು ಅವನಿಂದ ಕೇಳುವುದು ಲೇವಾದೇವಿಯಲ್ಲ, ನಷ್ಟ ಪರಿಹಾರ. ಆದರೆ ನಷ್ಟವನ್ನು ತಗ್ಗಿಸಲು ತನ್ನಿಂದಾದದ್ದನ್ನು ಕಾರ್ಡುದಾರ ಮಾಡಿದ್ದನೇ ಎಂಬುದನ್ನೂ ಅದೇ ಕಲಂ ಗಮನಿಸುತ್ತದೆ. ಎರಡು ವರ್ಷ ಕೈಕಟ್ಟಿ ಕುಳಿತು, ಬಾಕಿ ದುಪ್ಪಟ್ಟಾದ ಮೇಲೆ ಪೂರ್ತಿ ಮೊತ್ತ ಕೊಡು ಎಂದರೆ ನ್ಯಾಯಾಲಯ ಒಪ್ಪುವ ಭರವಸೆಯಿಲ್ಲ.

ಸಾಲವೇ, ಅಪರಾಧವೇ?

ಕಾರ್ಡ್ ಹೇಗೆ ಸ್ನೇಹಿತನ ಕೈ ಸೇರಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕಾರ್ಡುದಾರನೇ ಒಪ್ಪಿ ಕೊಟ್ಟಿದ್ದು, ಸ್ನೇಹಿತ ಹೇಳಿದಷ್ಟೇ ಬಳಸಿ ಈಗ ಹಣ ಕೊಡುತ್ತಿಲ್ಲವೆಂದರೆ ಅದು ಅಪ್ಪಟ ಸಾಲ. ಸಾಲ ತೀರಿಸದಿರುವುದು ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 318ರ ಅಡಿ, ಅಂದರೆ ಹಿಂದಿನ ದಂಡ ಸಂಹಿತೆಯ 420ರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಕಲಂನ ಅಡಿ, ವಂಚನೆ ಎನ್ನಿಸಿಕೊಳ್ಳಲು ಕಾರ್ಡ್ ಕೇಳುವ ಸಮಯದಲ್ಲಿಯೇ ಕೊಡಬಾರದೆಂಬ ದುರುದ್ದೇಶ ಇರಬೇಕು. ನಂತರ ಮನಸ್ಸು ಕೆಟ್ಟದ್ದು ಸಾಲದು. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಹಚ್ಚುವುದನ್ನು ಸುಪ್ರೀಂ ಕೋರ್ಟ್ 2006ರಿಂದೀಚೆಗೆ ಮತ್ತೆ ಮತ್ತೆ ಖಂಡಿಸುತ್ತ ಬಂದಿದೆ. ಠಾಣಾಧಿಕಾರಿ ‘ಕೋರ್ಟಿಗೆ ಹೋಗಿ’ ಎಂದು ಹಿಂಬರಹ ಕೊಟ್ಟು ಕಳುಹಿಸುವುದು ಯಾವಾಗಲೂ ಉದಾಸೀನದಿಂದಲ್ಲ.

ಒಂದು ಕೆಲಸಕ್ಕೆಂದು ಕೊಟ್ಟ ಕಾರ್ಡನ್ನು ಬೇರೆಯದಕ್ಕೆ ಬಳಸಿದ್ದರೆ ಸ್ಥಿತಿ ಸ್ವಲ್ಪ ಭಿನ್ನ. ತಾಯಿಯ ಆಸ್ಪತ್ರೆಯ ಖರ್ಚಿಗೆಂದು ಪಡೆದ ಕಾರ್ಡ್ ಆನ್‌ಲೈನ್ ಜೂಜಿಗೆ ಬಳಕೆಯಾಗಿದೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಮಾತೇ ಸುಳ್ಳಾಗಿದ್ದರೆ ವಂಚನೆ. ಮಾತು ನಿಜವಾಗಿದ್ದು ನಂತರ ದಾರಿ ತಪ್ಪಿದ್ದರೆ, ಅದೇ ಸಂಹಿತೆಯ ಕಲಂ 316ರ ನಂಬಿಕೆ ದ್ರೋಹವೆಂದು ವಾದಿಸಲು ಅವಕಾಶವಿದೆ. ಎರಡನ್ನೂ ಒಂದೇ ಸಂಗತಿಯ ಮೇಲೆ ಒಟ್ಟಿಗೆ ಹೊರಿಸಲಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ದೂರಿನಲ್ಲಿ ಎಲ್ಲ ಕಲಂಗಳನ್ನೂ ಪೋಣಿಸುವ ಅಭ್ಯಾಸ ಈ ಕಾರಣಕ್ಕೆ ದೂರುದಾರನಿಗೇ ಹಾನಿ ತರಬಹುದು.

ಕಾರ್ಡನ್ನು ಕೇಳದೆ ತೆಗೆದುಕೊಂಡಿದ್ದರೆ, ನಿದ್ರಿಸುತ್ತಿದ್ದಾಗ ಮೊಬೈಲಿನಿಂದ ಓಟಿಪಿ ನೋಡಿಕೊಂಡಿದ್ದರೆ, ಅದು ನಿಸ್ಸಂದೇಹವಾಗಿ ಪೊಲೀಸ್ ವ್ಯವಹಾರ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ವಿಶಿಷ್ಟ ಗುರುತನ್ನು ದುರುದ್ದೇಶದಿಂದ ಬಳಸುವುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಸಿ ಅಡಿ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂ.ವರೆಗೆ ದಂಡ ಉಂಟು. ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಬೇಕು. ರಾಜ್ಯದಲ್ಲಿ ಸೆನ್ ಎಂದು ಕರೆಯುವ ಸೈಬರ್ ಅಪರಾಧ ಠಾಣೆಗಳಲ್ಲಿಯೂ ದೂರು ನೀಡಬಹುದು.

ಆದರೆ ತಾವೇ ಓಟಿಪಿ ಹೇಳಿ, ನಂತರ ಸಿಟ್ಟಿನಲ್ಲಿ ‘ಕದ್ದಿದ್ದಾನೆ’ ಎಂದು ದೂರು ಬರೆಯುವವರು ಎಚ್ಚರದಿಂದಿರಬೇಕು. ಆ ನಿಮಿಷದ ಫೋನ್ ಕರೆಯ ದಾಖಲೆ ಒಂದೇ ಸಾಕು, ದೂರು ಸುಳ್ಳೆಂದು ತೋರಿಸಲು. ಸಿವಿಲ್ ದಾವೆಯಲ್ಲಿ ಮುಂದೆ ಹೇಳಬೇಕಾದ ನಿಜವೂ ಅದರೊಂದಿಗೆ ಕೆಡುತ್ತದೆ. ಕಾರ್ಡನ್ನು ಇನ್ನೊಬ್ಬರಿಗೆ ಕೊಡುವುದು ಬ್ಯಾಂಕಿನ ಷರತ್ತಿಗೆ ವಿರುದ್ಧವೆಂಬ ಅಂಜಿಕೆಯಿಂದ ಕೆಲವರು ಹೀಗೆ ಮಾಡುತ್ತಾರೆ. ಆ ಷರತ್ತು ಬ್ಯಾಂಕಿಗೂ ಕಾರ್ಡುದಾರನಿಗೂ ಸಂಬಂಧಿಸಿದ್ದು. ಅದನ್ನು ಮುರಿದದ್ದು ಅಪರಾಧವೂ ಅಲ್ಲ, ಸ್ನೇಹಿತನ ಸಾಲವನ್ನು ಅಳಿಸುವಂಥದ್ದೂ ಅಲ್ಲ.

ಕಾಗದವಿಲ್ಲದ ಸಾಲಕ್ಕೆ ಕಾಗದ

‘ಬರೆಸಿಕೊಂಡಿಲ್ಲವಲ್ಲ’ ಎಂದು ಕೈಚೆಲ್ಲುವವರು ಹಲವರು. ಬಾಯಿಮಾತಿನ ಕರಾರಿಗೂ ಕಾನೂನಿನಲ್ಲಿ ಬೆಲೆಯಿದೆ. ಕರಾರೇ ಆಗಿಲ್ಲವೆಂದು ಸ್ನೇಹಿತ ವಾದಿಸಿದರೂ, ದಾನವೆಂದು ಕೊಡದ ಉಪಕಾರವನ್ನು ಅನುಭವಿಸಿದವನು ಅದಕ್ಕೆ ಪರಿಹಾರ ಕೊಡಬೇಕೆಂದು ಕರಾರು ಕಾಯ್ದೆಯ ಕಲಂ 70 ಹೇಳುತ್ತದೆ. ಕಷ್ಟವಿರುವುದು ಹಕ್ಕಿನಲ್ಲಲ್ಲ, ರುಜುವಾತಿನಲ್ಲಿ.

ಕಾರ್ಡಿನ ಬಿಲ್ ಅಂಗಡಿಯ ಹೆಸರನ್ನು ಹೇಳುತ್ತದೆಯೇ ಹೊರತು ಕೊಂಡವನ ಹೆಸರನ್ನಲ್ಲ. ಇದನ್ನು ತುಂಬಿಕೊಡುವುದು ಬೇರೆ ದಾಖಲೆಗಳು: ಸ್ನೇಹಿತನ ಹೆಸರಿಗೆ ಬರೆದ ರಸೀದಿ, ಅವನ ಮನೆ ವಿಳಾಸಕ್ಕೆ ಸಾಮಾನು ತಲುಪಿದ ದಾಖಲೆ, ಅವನ ಹೆಸರಿನ ವಿಮಾನ ಟಿಕೆಟ್ ಅಥವಾ ಶಾಲಾ ಶುಲ್ಕದ ಚೀಟಿ. ಇವು ಕೈಯಲ್ಲಿ ಇಲ್ಲದಿದ್ದರೆ ದಾವೆ ಹೂಡಿದ ಬಳಿಕ ನ್ಯಾಯಾಲಯದ ಮೂಲಕ ತರಿಸಬಹುದು. ವಾಟ್ಸ್‌ಆ್ಯಪ್ ಸಂದೇಶಗಳೂ ಸಾಕ್ಷ್ಯವೇ. ಆದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಆದ್ದರಿಂದ ಪರದೆಯ ಚಿತ್ರ ತೆಗೆದಿಟ್ಟು ಮೂಲ ಸಂದೇಶವನ್ನು ಅಳಿಸುವುದಾಗಲಿ, ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವುದಾಗಲಿ ಸಲ್ಲದು.

ಸ್ನೇಹ ಪೂರ್ತಿ ಮುರಿಯುವ ಮುನ್ನವೇ ಒಂದು ಕೆಲಸ ಆಗಬೇಕು. ಬಿಲ್ಲಿನ ಪ್ರತಿಯನ್ನು ಕಳುಹಿಸಿ, ‘ಇಷ್ಟು ಮೊತ್ತ ನಿನ್ನದು, ಎಂದು ಕೊಡುತ್ತೀಯ?’ ಎಂದು ಶಾಂತವಾಗಿ ಕೇಳುವ ಸಂದೇಶ. ‘ಮುಂದಿನ ತಿಂಗಳು ಕೊಡುವೆ’ ಎಂಬ ಮೂರು ಪದಗಳ ಉತ್ತರ ಬಂದರೂ ಅದು ಸಾಲದ ಒಪ್ಪಿಗೆಗೆ ಸಾಕ್ಷಿಯಾಗುತ್ತದೆ. ಬೈಗುಳದ ಸಂದೇಶಕ್ಕೆ ಅಂತಹ ಉತ್ತರ ಬರುವುದು ಅಪರೂಪ.

ಇದಕ್ಕಿಂತ ಗಟ್ಟಿಯಾದದ್ದು ಸಹಿಯಿರುವ ಕಾಗದ. ಒಟ್ಟು ಮೊತ್ತ, ಕಾರ್ಡ್ ಬಳಸಿದ ದಿನಾಂಕಗಳು, ಕಂತು, ಗಡುವು ಬರೆದ ಒಪ್ಪಂದ ಉತ್ತಮ. ಪ್ರಾಮಿಸರಿ ನೋಟ್ ಬರೆಸಿಕೊಳ್ಳುವುದಾದರೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಬೇಕು. ಸ್ಟಾಂಪ್ ಇಲ್ಲದ ಬೇರೆ ಹಲವು ದಸ್ತಾವೇಜುಗಳನ್ನು ದಂಡ ಕಟ್ಟಿ ಸರಿಪಡಿಸಬಹುದಾದರೂ ಪ್ರಾಮಿಸರಿ ನೋಟಿಗೆ ಆ ಅವಕಾಶವಿಲ್ಲ. ಒಂದು ಸ್ಟಾಂಪ್ ಉಳಿಸಲು ಹೋಗಿ ಲಕ್ಷ ರೂ. ಕಳೆದುಕೊಂಡಂತಾಗುತ್ತದೆ.

ಮುಂದಿನ ದಿನಾಂಕದ ಚೆಕ್ಕುಗಳನ್ನು ಪಡೆಯುವುದು ಇನ್ನೊಂದು ದಾರಿ. ಚೆಕ್ ಅಮಾನ್ಯವಾದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138 ಅನ್ವಯಿಸುತ್ತದೆ: ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್. ನೋಟಿಸ್ ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು. ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಹಾಕಬೇಕೆಂಬುದು ಬೇರೆ. ಚೆಕ್ ಸಾಲಕ್ಕಾಗಿಯೇ ಕೊಟ್ಟದ್ದೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಆದರೂ ಸಾಲ ಕೊಡುವ ಶಕ್ತಿ ದೂರುದಾರನಿಗಿತ್ತೇ ಎಂದು ಆರೋಪಿ ಪ್ರಶ್ನಿಸಬಹುದೆಂದು, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ನಗದು ಕೊಟ್ಟವರನ್ನು ಪೇಚಿಗೆ ಸಿಲುಕಿಸುವ ಈ ಪ್ರಶ್ನೆಗೆ ಕಾರ್ಡುದಾರನ ಬಳಿ ಬ್ಯಾಂಕಿನ ಬಿಲ್ಲೇ ಉತ್ತರವಾಗಿರುತ್ತದೆ.

ಮೂರು ವರ್ಷಗಳ ಗಡುವು

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂತಹ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಅವಕಾಶ. ಎಂದಿನಿಂದ ಎಣಿಸಬೇಕೆಂಬುದರಲ್ಲಿ ತೊಡಕಿದೆ. ಸಾಲ ಕೊಟ್ಟದ್ದೆಂದು ನೋಡಿದರೆ ಕೊಟ್ಟ ದಿನದಿಂದ. ಸ್ನೇಹಿತನ ಪರವಾಗಿ ಹಣ ಪಾವತಿಸಿದ್ದೆಂದು ನೋಡಿದರೆ ಬ್ಯಾಂಕಿಗೆ ಕಟ್ಟಿದ ದಿನದಿಂದ. ವಕೀಲರು ಅನುಕೂಲವಾದದ್ದನ್ನು ವಾದಿಸಬಹುದು. ಕಾರ್ಡುದಾರ ಮಾತ್ರ ಕಾರ್ಡ್ ಬಳಕೆಯಾದ ಮೊದಲ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ‘ಕೊಡುತ್ತೇನೆ’ ಎಂಬ ಬಾಯಿಮಾತಿನಲ್ಲಿಯೇ ಮೂರು ವರ್ಷ ಸರಿದುಹೋಗುವುದು ಅಪರೂಪವೇನಲ್ಲ. ಸ್ನೇಹಿತರ ನಡುವೆಯಂತೂ ಇನ್ನೂ ಸುಲಭ.

ಗಡುವು ಮುಗಿಯುವ ಮುನ್ನ ಸಾಲಗಾರ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಸ್ವಲ್ಪ ಹಣ ಕೊಟ್ಟು ಅದನ್ನು ಬರೆದು ಸಹಿ ಮಾಡಿದರೂ ಹಾಗೆಯೇ. ಗಡುವು ಮುಗಿದ ಮೇಲೂ ಕೊಡುತ್ತೇನೆಂದು ಲಿಖಿತ ವಾಗ್ದಾನ ನೀಡಿ ಸಹಿ ಮಾಡಿದರೆ ಕರಾರು ಕಾಯ್ದೆಯ ಕಲಂ 25 ಅದನ್ನು ಊರ್ಜಿತಗೊಳಿಸುತ್ತದೆ. ಮೂರೂ ಬರಹದಲ್ಲಿಯೇ ಇರಬೇಕೆಂಬುದನ್ನು ಗಮನಿಸಬೇಕು.

ನೋಟಿಸಿನಿಂದ ಡಿಕ್ರಿಯವರೆಗೆ

ದಾವೆಗೆ ಮುನ್ನ ವಕೀಲರ ಮೂಲಕ ನೋಟಿಸ್ ಕಳುಹಿಸುವುದು ಕಡ್ಡಾಯವಲ್ಲದಿದ್ದರೂ ಉಪಯುಕ್ತ. 1978ರ ಬಡ್ಡಿ ಕಾಯ್ದೆಯಂತೆ, ಲಿಖಿತವಾಗಿ ಬಡ್ಡಿ ಕೇಳಿದ ದಿನದಿಂದ ಅದನ್ನು ನೀಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ರಿಜಿಸ್ಟರ್ಡ್ ಅಂಚೆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದ್ದು, ನೋಟಿಸನ್ನು ಅದರ ಮೂಲಕ ಕಳುಹಿಸಿ ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಬೇಕು.

ದಾವೆಯನ್ನು ಸ್ನೇಹಿತ ವಾಸಿಸುವ ಅಥವಾ ವ್ಯವಹಾರ ನಡೆದ ಊರಿನ ನ್ಯಾಯಾಲಯದಲ್ಲಿ ಹೂಡಬಹುದು. ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಹೋದವನ ಬೆನ್ನುಹತ್ತಿ ಅಲ್ಲಿಗೇ ಹೋಗಬೇಕಾಗಿಲ್ಲ. ಕಾರ್ಡ್ ಕೊಟ್ಟದ್ದು ಹುಬ್ಬಳ್ಳಿಯಲ್ಲಾದರೆ ಹುಬ್ಬಳ್ಳಿಯ ನ್ಯಾಯಾಲಯಕ್ಕೇ ಬರಬಹುದು. ಕೇಳುವ ಮೊತ್ತಕ್ಕೆ ಅನುಗುಣವಾಗಿ ನ್ಯಾಯಾಲಯ ಶುಲ್ಕ ಕಟ್ಟಬೇಕು. ಲಿಖಿತ ಒಪ್ಪಂದ, ಪ್ರಾಮಿಸರಿ ನೋಟ್ ಇದ್ದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆಯ ಅನುಕೂಲವಿದೆ. ಅಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ ಹತ್ತು ದಿನಗಳಲ್ಲಿ ಹಾಜರಾತಿ ದಾಖಲಿಸಬೇಕು. ಪ್ರತಿವಾದಕ್ಕೂ ನ್ಯಾಯಾಲಯದ ಅನುಮತಿ ಪಡೆಯಬೇಕು. ಬರೀ ವಾಟ್ಸ್‌ಆ್ಯಪ್ ಸಂದೇಶಗಳನ್ನು ನೆಚ್ಚಿದವರಿಗೆ ಸಾಮಾನ್ಯ ದಾವೆಯೇ ಗತಿ ಎನ್ನಬಹುದು.

ಗೆದ್ದ ಮೇಲೂ ಹಣ ತಾನಾಗಿ ಬರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷಗಳ ಅವಧಿಯಿದೆ. ಸಂಬಳದಲ್ಲಿ ಮೊದಲ 1,000 ರೂ. ಮತ್ತು ಉಳಿದುದರ ಮೂರನೇ ಎರಡು ಭಾಗ ಬಿಟ್ಟು ಮಿಕ್ಕದ್ದನ್ನು ಜಪ್ತಿ ಮಾಡಬಹುದು. ಜಪ್ತಿಗೆ ಒಳಪಡುವ ಸಂಬಳ 40,000 ರೂ. ಇದ್ದರೆ ತಿಂಗಳಿಗೆ 13,000 ರೂ. ಒಂದು ಡಿಕ್ರಿಗೆ ಒಟ್ಟು 24 ತಿಂಗಳವರೆಗೆ ಮಾತ್ರ ಹೀಗೆ ಸಂಬಳ ಹಿಡಿಯಲು ಸಾಧ್ಯ. ಭವಿಷ್ಯನಿಧಿಯನ್ನು ಮುಟ್ಟುವಂತಿಲ್ಲ. ಸಿವಿಲ್ ಸೆರೆವಾಸವೂ ಕಾನೂನಿನಲ್ಲಿದೆ. ಆದರೆ ಕೊಡಲು ಶಕ್ತಿಯಿದ್ದೂ ಕೊಡದವನಿಗೆ ಮಾತ್ರ ಅದು, ಬಡತನಕ್ಕೆ ಶಿಕ್ಷೆಯಲ್ಲ ಎಂದು ನ್ಯಾ. ವಿ.ಆರ್. ಕೃಷ್ಣ ಅಯ್ಯರ್ ಅವರು 1980ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದ್ದಾರೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ.

ಕಾನೂನಿನ ನಿಧಾನಕ್ಕೆ ಬೇಸತ್ತು ಸ್ನೇಹಿತನ ಬೈಕ್ ಎತ್ತಿಕೊಂಡು ಬರುವುದು, ಅವನ ಕಚೇರಿಗೆ ನಾಲ್ಕು ಜನರನ್ನು ಕರೆದೊಯ್ಯುವುದು, ಭಾವಚಿತ್ರ ಹಾಕಿ ‘ಮೋಸಗಾರ’ ಎಂದು ಹಂಚುವುದು ನಡೆದಿದೆ. ಅಲ್ಲಿಂದ ಮುಂದೆ ಆರೋಪಿಯ ಸ್ಥಾನದಲ್ಲಿ ನಿಲ್ಲುವವನು ಹಣ ಕಳೆದುಕೊಂಡವನೇ.

ಎಂಬತ್ತು ಸಾವಿರ, ಒಂದು ಲಕ್ಷದಂತಹ ಮೊತ್ತಕ್ಕೆ ವಕೀಲರ ಶುಲ್ಕ ಮತ್ತು ವರ್ಷಗಳ ಓಡಾಟವನ್ನು ತೂಗಿ ನೋಡಿದರೆ, ಲೋಕ ಅದಾಲತ್ ಹೆಚ್ಚು ಹೊಂದುವ ಮಾರ್ಗ. ದಾವೆ ಹೂಡುವ ಮೊದಲೇ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಸಮಿತಿ ಸ್ನೇಹಿತನಿಗೆ ನೋಟಿಸ್ ಕಳುಹಿಸಿ ಇಬ್ಬರನ್ನೂ ಕೂರಿಸುತ್ತದೆ. ಅವನು ಬಾರದಿದ್ದರೆ ಒತ್ತಾಯಿಸಲಾಗದು ಎಂಬುದು ಇದರ ಮಿತಿ. ಬಂದು, ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು, ಕಂತುಗಳಿಗೆ ಇಬ್ಬರೂ ಸಹಿ ಮಾಡಿದರೆ ಆ ನಿರ್ಣಯಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಹೊಸ ದಾವೆ ಬೇಕಿಲ್ಲ, ನೇರವಾಗಿ ಅಮಲ್ಜಾರಿಗೆ ಹೋಗಬಹುದು. ಕಂತುಗಳನ್ನು ನಗದಿನಲ್ಲಿ ಪಡೆಯದೆ ಬ್ಯಾಂಕ್ ಖಾತೆಗೇ ಹಾಕಿಸಿಕೊಂಡರೆ ಎಷ್ಟು ಬಂತು, ಎಷ್ಟು ಉಳಿಯಿತು ಎಂಬ ಜಗಳಕ್ಕೂ ಎಡೆಯಿರುವುದಿಲ್ಲ.